ಅರ್ಧ ಬಾಟ್ಸೆನ್ನಿನ ಋಣ

ಮಳೆಗಾಲಕ್ಕೆ ಮೊದಲು ಮಾಡಿನ ಹಂಚುಗಳನ್ನು ಸರಿಪಡಿಸುವುದು ಕಾಸರಗೋಡಿನ ಹಳೆಯ ಮನೆಗಳಲ್ಲಿ ವರ್ಷಕ್ಕೊಮ್ಮೆ ಬರುವ ಕೆಲಸ. ಆ ಮೇ ತಿಂಗಳ ಕೊನೆಯಲ್ಲಿ, ಗೆದ್ದಲು ಹಿಡಿದ ರೀಪುಗಳನ್ನು ಬದಲಿಸುವುದಕ್ಕಾಗಿ ಆ ಮನೆಯ ಹಂಚುಗಳನ್ನೆಲ್ಲ ಇಳಿಸಿ ಅಂಗಳದಲ್ಲಿ ಸಾಲಾಗಿ ಒರಗಿಸಿದ್ದರು. ಕನ್ನಡ ಐಚ್ಛಿಕದ ಕೊನೆಯ ವರ್ಷದಲ್ಲಿದ್ದ ಮನೆಮಗಳು ತೆಂಗಿನ ನಾರಿನಿಂದ ಹಂಚುಗಳ ಪಾಚಿಯನ್ನು ಉಜ್ಜುತ್ತ ಕುಳಿತಿದ್ದಳು. ಒಂದು ಹಂಚಿನ ಮಣ್ಣು ಕಳಚಿದಾಗ ಕೆಳಗಿನಿಂದ ಉಬ್ಬಕ್ಷರಗಳು ಮೇಲೆದ್ದವು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್. ಅದರೊಡನೆ ಒಂದು ಇಸವಿ, 1865. ಹುಟ್ಟಿದಂದಿನಿಂದ ಆ ಹೆಸರಿನ ಕೆಳಗೇ ಮಲಗಿ ಎದ್ದಿದ್ದಳು. ಕಣ್ಣಿಗೆ ಬಿದ್ದದ್ದು ಮಾತ್ರ ಅಂದು.

ಆ ವಾರ ಅವಳ ಮುಂದೆ ಎರಡು ಬರವಣಿಗೆಗಳು ಕಾದಿದ್ದವು. ಒಂದು, ವಿಭಾಗದ ವಿಚಾರಗೋಷ್ಠಿಯಲ್ಲಿ ಓದಬೇಕಾದ ಪ್ರಬಂಧ. ಮೋಗ್ಲಿಂಗ್, ಕಿಟ್ಟೆಲ್ ಮೊದಲಾದವರ ಕನ್ನಡ ಸೇವೆಯನ್ನು ಕುರಿತು ಎಲ್ಲರೂ ಬರೆಯುತ್ತಾರೆ. ಅವರನ್ನು ಇಲ್ಲಿಗೆ ಕಳುಹಿಸಿ, ಊಟಬಟ್ಟೆಗೆ ಕೊಟ್ಟು, ಅಚ್ಚಿನ ಕೂಟದ ಖರ್ಚು ಹೊತ್ತವರು ಯಾರು ಎಂಬುದನ್ನು ವಿಚಾರಿಸಿ ಬರೆಯುವಂತೆ ಅಧ್ಯಾಪಕರು ಸೂಚಿಸಿದ್ದರು. ಇನ್ನೊಂದು, ಅವಳು ಅಕ್ಷರ ಕಲಿತ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಾಗಿ ಒಂದು ವಿನಂತಿಪತ್ರ. ಶಾಲೆಯ ಮಾಡು ಸೋರುತ್ತಿತ್ತು. ಗಲ್ಫಿನಲ್ಲಿಯೂ ಮುಂಬಯಿಯಲ್ಲಿಯೂ ಬೆಂಗಳೂರಿನಲ್ಲಿಯೂ ನೆಲೆಸಿದ ಹಳೆಯ ವಿದ್ಯಾರ್ಥಿಗಳಿಗೆ ಸಮಿತಿಯವರು ಪತ್ರ ಕಳುಹಿಸಬೇಕೆಂದಿದ್ದರು. ಬರೆಯುವ ಕೆಲಸವನ್ನು ನಿವೃತ್ತ ಮಾಷ್ಟ್ರು ಅವಳಿಗೆ ವಹಿಸಿದ್ದರು.

“ಸ್ವಲ್ಪ ಮನಸ್ಸಿಗೆ ತಾಗುವ ಹಾಗೆ ಬರೆ ಮಗಾ,” ಎಂದಿದ್ದರು ಅವರು. “ಇಲ್ಲಿ ಕನ್ನಡ ಸಾಯ್ತಾ ಉಂಟು, ನೀವು ಕೈಬಿಟ್ಟರೆ ಈ ಮಕ್ಕಳಿಗೆ ಗತಿ ಇಲ್ಲ ಅಂತ ಹಾಕು. ದೂರದಲ್ಲಿರುವವರಿಗೆ ಕರುಳು ಚುರುಕ್ ಅನ್ನದೆ ಕೈ ಕಿಸೆಗೆ ಹೋಗುವುದಿಲ್ಲ.”

ಮೊದಲು ಪ್ರಬಂಧವನ್ನು ಮುಗಿಸಿದರೆ ಪತ್ರ ಒಂದು ಗಳಿಗೆಯ ಕೆಲಸವೆಂದು ಅವಳು ಭಾವಿಸಿದ್ದಳು. ಹಾಗಾಗಲಿಲ್ಲ.

ಪ್ರಬಂಧದ ಮೊದಲ ಪುಟಗಳು ಸುಲಭವಾಗಿದ್ದವು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಮಿಷನ್ ಸ್ಥಾಪನೆಯಾದದ್ದು 1815ರಲ್ಲಿ. ಈಸ್ಟ್ ಇಂಡಿಯಾ ಕಂಪೆನಿಯ ಸನ್ನದು 1833ರಲ್ಲಿ ನವೀಕರಣಗೊಂಡು, ಬ್ರಿಟಿಷರಲ್ಲದ ಮಿಷನರಿಗಳಿಗೂ ಇಲ್ಲಿ ನೆಲೆಸಲು ದಾರಿ ತೆರೆಯಿತು. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. 1836ರಲ್ಲಿ ಹೆರ್ಮನ್ ಮೋಗ್ಲಿಂಗ್ ಬಂದರು; 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಬಂತು. ಇವೆಲ್ಲ ಪರೀಕ್ಷೆಗಾಗಿ ಬಾಯಿಪಾಠವಾಗಿದ್ದ ಸಂಗತಿಗಳು. ಪ್ರಶ್ನೆ ಇದ್ದದ್ದು ಇದರಾಚೆಗೆ. ಮಂಗಳೂರಿನ ಕಲ್ಲಚ್ಚಿಗೆ ಕಾಗದ ಕೊಂಡ ಹಣ ಯಾರ ಮನೆಯಿಂದ ಹೊರಟದ್ದು?

ಉತ್ತರ ಹುಡುಕುತ್ತ ಹೋದಂತೆ ಅರಸು ಮನೆತನದವರ, ವ್ಯಾಪಾರಿಗಳ ದೊಡ್ಡ ಕಾಣಿಕೆಗಳು ಎದುರಾದವು. ಆದರೆ ಅವಳನ್ನು ತಡೆದು ನಿಲ್ಲಿಸಿದ್ದು ಒಂದು ಚಿಲ್ಲರೆ ನಾಣ್ಯ. 1850ರ ದಶಕದ ಮಧ್ಯದಲ್ಲಿ ಬಾಸೆಲ್ಲಿನ ರಿಬ್ಬನ್ ಉದ್ಯಮಿ ಕಾರ್ಲ್ ಸರಾಸಿನ್ ಒಂದು ಸರಳ ಯೋಜನೆಯನ್ನು ಮುಂದಿಟ್ಟರು. ಮಿಷನ್ನಿನ ಮೇಲೆ ಅಭಿಮಾನವಿದ್ದವರು ವಾರಕ್ಕೆ ಅರ್ಧ ಬಾಟ್ಸೆನ್ ಕೊಟ್ಟರೆ ಸಾಕು. ಬಾಟ್ಸೆನ್ ಎಂಬುದು ಸ್ವಿಸ್ ಪ್ರಾಂತಗಳ ಹಳೆಯ ನಾಣ್ಯ. 1850ರಲ್ಲಿ ಫ್ರಾಂಕ್ ಜಾರಿಗೆ ಬಂದಾಗ ಅದರ ಚಲಾವಣೆ ಮುಗಿಯಿತಾದರೂ ಹೆಸರು ಜನರ ಬಾಯಲ್ಲಿ ಉಳಿದಿತ್ತು. ಅರ್ಧ ಬಾಟ್ಸೆನ್ ಎಂದರೆ ಐದು ರಾಪೆನ್, ಅಂದರೆ ಒಂದು ಫ್ರಾಂಕಿನ ಇಪ್ಪತ್ತನೆಯ ಒಂದು ಪಾಲು. ಮನೆಗೆಲಸದವಳು ಕೊಡಬಹುದಾದಷ್ಟು, ನೇಕಾರ ಕೊಡಬಹುದಾದಷ್ಟು. ಸ್ವಯಂಸೇವಕರು ತಮಗೆ ವಹಿಸಿದ ಕೆಲವು ಮನೆಗಳಿಗೆ ಹೋಗಿ ಅದನ್ನು ಸಂಗ್ರಹಿಸುತ್ತಿದ್ದರು. ಅವರಲ್ಲಿ ಹೆಂಗಸರು ಬಹಳ ಮಂದಿ. ಸ್ವಿಟ್ಜರ್ಲೆಂಡಿನಲ್ಲಿಯೂ ದಕ್ಷಿಣ ಜರ್ಮನಿಯಲ್ಲಿಯೂ ಹರಡಿದ ಈ ಸಂಗ್ರಹ ಮಿಷನ್ನಿನ ಆದಾಯದ ಮುಖ್ಯ ಮೂಲಗಳಲ್ಲಿ ಒಂದಾಯಿತು.

ಹಿಡಿಯಕ್ಕಿಯ ಲೆಕ್ಕ ಅವಳಿಗೆ ಹೊಸದಲ್ಲ. ಅಜ್ಜಿ ದಿನಾ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಮುಷ್ಟಿಯನ್ನು ದೇವಸ್ಥಾನದ ಜೀರ್ಣೋದ್ಧಾರಕ್ಕೆಂದು ಬೇರೆ ಡಬ್ಬಿಗೆ ಹಾಕುತ್ತಿದ್ದದ್ದು ನೆನಪಾಯಿತು. ಕೊಡುವವರ ಕೈ ಎಲ್ಲ ಕಡೆಯೂ ಒಂದೇ ರೀತಿ ಚಾಚುತ್ತದೆ ಎನ್ನಿಸಿತು. ಆದರೆ ಅಜ್ಜಿಗೆ ದೇವಸ್ಥಾನ ಕಣ್ಣಮುಂದೆ ಇತ್ತು. ಮಾಡಿಗೆ ಎಷ್ಟು ತಗಡು ಹಾಕಿದರೆಂದು ಆಕೆ ಹೋಗಿ ನೋಡಿ ಬರಬಹುದಾಗಿತ್ತು. ವುರ್ಟೆಂಬರ್ಗಿನ ಹಳ್ಳಿಯ ಹೆಂಗಸೊಬ್ಬಳಿಗೆ ಮಂಗಳೂರು ಎಲ್ಲಿ ಕಾಣಬೇಕು? ಕಾಣದ ಊರನ್ನು ಆಕೆಗೆ ಕಾಣಿಸಬೇಕಾಗಿತ್ತು. ಇದ್ದ ಊರನ್ನು ಇದ್ದ ಹಾಗೆ ಕಾಣಿಸಿದರೆ ನಾಣ್ಯ ಬರುವುದೆಂಬ ಭರವಸೆ ಇರಲಿಲ್ಲ.

ಪ್ರಬಂಧ ಇಲ್ಲಿಂದ ಕಷ್ಟವಾಗತೊಡಗಿತು. ಮಿಷನರಿಗಳು ತಮ್ಮ ಕೆಲಸದ ವರದಿಯನ್ನು ಕಾಲಕಾಲಕ್ಕೆ ಬಾಸೆಲ್ಲಿಗೆ ಕಳುಹಿಸಬೇಕಾಗಿತ್ತು. ಅವುಗಳಿಂದ ಆಯ್ದ ಭಾಗಗಳು ಮಿಷನ್ನಿನ ಪತ್ರಿಕೆಯಲ್ಲಿ ಅಚ್ಚಾಗಿ ಬೆಂಬಲಿಗರ ಮನೆಗಳನ್ನು ತಲುಪುತ್ತಿದ್ದವು. 1828ರಿಂದ ಹೊರಡುತ್ತಿದ್ದ ಆ ಪತ್ರಿಕೆಯ ಹೆಸರಿನಲ್ಲಿಯೇ ಇಲ್ಲಿಯ ಜನರಿಗೆ ಅವರು ಇಟ್ಟ ಹೆಸರೂ ಸೇರಿತ್ತು: ಹೈಡನ್‌ಬೋಟೆ, ಅಂದರೆ ಅನ್ಯಧರ್ಮೀಯರ ಸುದ್ದಿಯನ್ನು ತರುವ ದೂತ. ‘ಹೈಡನ್’ ಎಂಬ ಶಬ್ದದಲ್ಲಿ ನಿಜದೇವರನ್ನು ಅರಿಯದವರೆಂಬ ಕನಿಕರವೂ ತಿರಸ್ಕಾರವೂ ಬೆರೆತಿದ್ದವು. ಕತ್ತಲೆಯಲ್ಲಿ ತಡವರಿಸುವ ಜನ, ಬೆಳಕು ಹೊತ್ತು ಹೋದ ಒಬ್ಬ ಸೋದರ: ಓದುಗರು ಕಾದಿದ್ದದ್ದು ಈ ಕಥೆಗಾಗಿ. ಸಾಲದ್ದಕ್ಕೆ, ಚರ್ಚುಗಳಲ್ಲಿಯೂ ಭಾನುವಾರದ ಶಾಲೆಗಳಲ್ಲಿಯೂ ವಿಚಿತ್ರವಾದ ಕಾಣಿಕೆ ಡಬ್ಬಿಗಳಿರುತ್ತಿದ್ದವು. ಡಬ್ಬಿಯ ಮೇಲೆ ಕೈಮುಗಿದು ಮೊಣಕಾಲೂರಿದ ಆಫ್ರಿಕಾದ ಅಥವಾ ಏಷ್ಯಾದ ಮಗುವಿನ ಬೊಂಬೆ. ನಾಣ್ಯ ಹಾಕಿದರೆ ಬೊಂಬೆ ಕತ್ತು ಬಾಗಿಸಿ ಕೃತಜ್ಞತೆ ಸೂಚಿಸುತ್ತಿತ್ತು. ಮಕ್ಕಳು ಅದು ತಲೆದೂಗುವುದನ್ನು ನೋಡಲೆಂದೇ ನಾಣ್ಯ ಹಾಕುತ್ತಿದ್ದರಂತೆ.

ಆ ಬೊಂಬೆಯ ಚಿತ್ರವನ್ನು ನೋಡಿದ ರಾತ್ರಿ ಅವಳು ಶಾಲೆಯ ವಿನಂತಿಪತ್ರದ ಕರಡನ್ನು ತೆಗೆದು ಓದಿದಳು. ಮಾಷ್ಟ್ರು ಹೇಳಿದ ಮಾತುಗಳೆಲ್ಲ ಇದ್ದವು. ಸಾಯುತ್ತಿರುವ ಭಾಷೆ, ಅನಾಥ ಮಕ್ಕಳು, ಗಡಿಯಾಚೆಯ ಕತ್ತಲು. ಒಂದನೆಯ ತರಗತಿಯ ಹುಡುಗರು ಬೆಂಚಿನ ಮೇಲೆ ನಿಂತು ಕೂಗಾಡುವುದು, ತುಳು, ಮಲಯಾಳ, ಕೊಂಕಣಿ, ಹವ್ಯಕ ಎಲ್ಲವನ್ನೂ ಕಲಸಿ ಜಗಳವಾಡಿ ಕೊನೆಗೆ ಕನ್ನಡದಲ್ಲಿ ಟೀಚರಿಗೆ ದೂರು ಹೇಳುವುದು, ಇದಾವುದೂ ಅದರಲ್ಲಿರಲಿಲ್ಲ. ಪತ್ರದಲ್ಲಿದ್ದ ಮಕ್ಕಳು ಕತ್ತು ಬಾಗಿಸುವ ಮಕ್ಕಳು. ಕಾಸರಗೋಡಿಗೆ ಭಾಷಣಕ್ಕೆ ಬರುವ ಅತಿಥಿಗಳು ‘ಗಡಿನಾಡಿನ ನತದೃಷ್ಟ ಕನ್ನಡಿಗರು’ ಎಂದಾಗಲೆಲ್ಲ ಹಿಂದಿನ ಸಾಲಿನಲ್ಲಿ ಕುಳಿತು ಗೆಳತಿಯರೊಡನೆ ನಕ್ಕವಳು ಅವಳು. ಈಗ ಅದೇ ಮಾತನ್ನು ತನ್ನ ಕೈಯಿಂದಲೇ ಬರೆದಿದ್ದಳು.

ಕರಡು ಮೇಜಿನ ಖಾನೆ ಸೇರಿತು. ಪ್ರಬಂಧ ಮುಂದುವರಿಯಿತು.

ಬಾಸೆಲ್ಲಿಗೆ ಹೋದ ವರದಿಗಳಲ್ಲಿ ಇಲ್ಲಿಯ ಜನ ಹಾಗೆ ಕಂಡಿದ್ದರೆ, ಅದೇ ಹಣದಿಂದ ಇಲ್ಲಿ ನಡೆದ ಕೆಲಸ ಬೇರೊಂದು ದಿಕ್ಕಿಗೂ ಹರಿದಿತ್ತು. ಇದಕ್ಕೆ ಅವಳಿಗೆ ಸಿಕ್ಕ ಮೊದಲ ನಿದರ್ಶನ ನೀಲಗಿರಿಯದು. ಮದರಾಸಿನ ಸಿವಿಲ್ ಸೇವೆಯಿಂದ ನಿವೃತ್ತನಾಗಿದ್ದ ಕ್ಯಾಸಮೇಜರ್ ಎಂಬ ಆಂಗ್ಲ ಅಧಿಕಾರಿ ಕೇತಿಯ ಕಣಿವೆಯಲ್ಲಿ ನೆಲೆಸಿದ್ದ. ಬಡಗರ ಮಕ್ಕಳಿಗಾಗಿ ಶಾಲೆ ತೆರೆದ. 1846ರ ವೇಳೆಗೆ ಬಾಸೆಲ್ ಮಿಷನ್ನಿನವರು ಅಲ್ಲಿ ಕೆಲಸ ಆರಂಭಿಸಲು ಆತನ ಬೆಂಬಲವೇ ಕಾರಣವಾಯಿತು. 1849ರಲ್ಲಿ ತೀರಿಕೊಂಡಾಗ ತನ್ನ ಸೊತ್ತನ್ನು ಮಿಷನ್ನಿಗೆ ಬಿಟ್ಟುಹೋದ. ಬಡಗರು ಕ್ರೈಸ್ತರಾಗಬೇಕೆಂಬುದು ಆತನ ಹಂಬಲ. ಮೊದಲ ಬಡಗನ ದೀಕ್ಷಾಸ್ನಾನ ಆದದ್ದು ಆತ ಸತ್ತು ವರ್ಷಗಳು ಕಳೆದ ಮೇಲೆ. ಆದರೆ ಆತನ ಧನಸಹಾಯದಿಂದ ಮತ್ತೊಂದು ಕಾರ್ಯ ನಡೆದಿತ್ತು. ಮೋಗ್ಲಿಂಗರು 1848ರಿಂದ ಹೊರತಂದ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಗೆ ಹಣ ಒದಗಿಸಿದವನು ಇದೇ ಕ್ಯಾಸಮೇಜರ್. ಆ ಮಾಲೆಯಲ್ಲಿ ಜೈಮಿನಿ ಭಾರತ ಬಂತು, ಬಸವಪುರಾಣ ಬಂತು, ದಾಸರ ಪದಗಳು ಬಂದವು. ತಾಳೆಗರಿಯ ಕಟ್ಟುಗಳಲ್ಲಿ ಇದ್ದ ಕಾವ್ಯಗಳು ಕಲ್ಲಚ್ಚಿನ ಪುಸ್ತಕಗಳಾದವು. ಕ್ರಿಸ್ತನ ವಾರ್ತೆಗಾಗಿ ಮೀಸಲಿಟ್ಟ ಬದುಕೊಂದರ ಗಳಿಕೆ ಲಕ್ಷ್ಮೀಶನನ್ನೂ ಪುರಂದರದಾಸರನ್ನೂ ಅಚ್ಚಿಗೇರಿಸಿತು.

ಕಿಟ್ಟೆಲರ ನಿಘಂಟಿನ ಕಥೆ ಎಲ್ಲರಿಗೂ ತಿಳಿದದ್ದೇ. 1853ರಲ್ಲಿ ಬಂದವರು ದಶಕಗಟ್ಟಲೆ ಪದಗಳನ್ನು ಕೂಡಿಸಿದರು; ನಡುವೆ ಜರ್ಮನಿಗೆ ಹಿಂದಿರುಗಿ, ನಿಘಂಟನ್ನು ಪೂರ್ತಿಗೊಳಿಸಲೆಂದು 1883ರಲ್ಲಿ, 51ರ ವಯಸ್ಸಿನಲ್ಲಿ, ಮತ್ತೆ ಹಡಗು ಹತ್ತಿದರು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ 1752 ಪುಟಗಳು, ಸುಮಾರು 70,000 ಶಬ್ದಗಳು. ಆದರೆ ಬೆಂಬಲಿಗರ ದೃಷ್ಟಿಯಿಂದ ನೋಡಿದಾಗ ಅವಳಿಗೆ ಅದು ಬೇರೆಯೇ ಆಗಿ ಕಂಡಿತು. ಆತ್ಮಗಳನ್ನು ಗೆಲ್ಲಲೆಂದು ಕೊಟ್ಟ ಹಣದಲ್ಲಿ ಒಬ್ಬ ಪಾದ್ರಿ ಗಾದೆಗಳನ್ನು ಆರಿಸುತ್ತ, ಪಂಡಿತರೊಡನೆ ಧಾತುಗಳ ಚರ್ಚೆ ಮಾಡುತ್ತ ವರ್ಷಗಳನ್ನು ಕಳೆದರೆ, ಕಾಣಿಕೆದಾರರಿಗೆ ಅದನ್ನು ವಿವರಿಸುವುದು ಸುಲಭವೇ? ಕಿಟ್ಟೆಲರಿಗೂ ಮಿಷನ್ನಿಗೂ ನಡುವೆ ಇದ್ದ ಇರಿಸುಮುರಿಸಿನ ಒಂದು ಬೇರು ಇಲ್ಲಿತ್ತು. ಕತ್ತಲೆಯ ವರ್ಣನೆಗೆ 70,000 ಶಬ್ದಗಳು ಬೇಕಾಗುವುದಿಲ್ಲ. ಬದುಕುತ್ತಿರುವ ಜನರ ಮಾತಿಗೆ ಬೇಕಾಗುತ್ತವೆ. ಹೊಲಗದ್ದೆಯ, ಅಡುಗೆಮನೆಯ, ಜಗಳದ, ಹಾಸ್ಯದ ಶಬ್ದಗಳನ್ನು ಒಂದೊಂದಾಗಿ ಬರೆದುಕೊಂಡವನಿಗೆ ಆ ಜನ ಬರಿಯ ಕನಿಕರದ ವಸ್ತುವಾಗಿ ಉಳಿದಿರಲಾರರು ಎಂದು ಅವಳು ಟಿಪ್ಪಣಿ ಮಾಡಿಕೊಂಡಳು.

ಕೊಟ್ಟವರ ಪಟ್ಟಿಯಲ್ಲಿ ಹಣ ಕೊಟ್ಟವರಷ್ಟೇ ಇರಲಿಲ್ಲ. ಮಿಷನರಿಯ ಮದುವೆಗೆ ಬಾಸೆಲ್ ಸಮಿತಿಯ ಒಪ್ಪಿಗೆ ಬೇಕು. ಒಪ್ಪಿಗೆ ಬಂದ ಮೇಲೆ, ಎಷ್ಟೋ ಸಲ, ಅವನ ಮುಖವನ್ನೇ ಸರಿಯಾಗಿ ನೋಡದ ವಧು ಹಡಗು ಹತ್ತಿ ಬರುತ್ತಿದ್ದಳು. ಕಿಟ್ಟೆಲರ ಪತ್ನಿ ಪೌಲಿನ್ 1860ರಲ್ಲಿ ಮದುವೆಯಾಗಿ 1864ರಲ್ಲಿ ತೀರಿಕೊಂಡರು. ಮುಂದೆ ಆಕೆಯ ಸಹೋದರಿ ಜೂಲಿ ಅದೇ ಮನೆಗೆ ಬಂದರು. ಮಿಷನರಿಗಳ ಮಕ್ಕಳು ಕಲಿಯುವ ವಯಸ್ಸಿಗೆ ಬಂದಾಗ ತಂದೆತಾಯಿಯರನ್ನು ಬಿಟ್ಟು ಯೂರೋಪಿಗೆ ಹೋಗಬೇಕಾಗಿತ್ತು. ಅವರಿಗಾಗಿ ಬಾಸೆಲ್ಲಿನಲ್ಲಿ 1850ರ ದಶಕದಲ್ಲಿ ಮಕ್ಕಳ ಮನೆಯೊಂದನ್ನು ತೆರೆದರು. ಮಂಗಳೂರಿನ ಕಡಲತೀರದಲ್ಲಿ ಆರು ವರ್ಷದ ಮಗುವನ್ನು ಹಡಗಿಗೆ ಹತ್ತಿಸಿ ಹಿಂದಿರುಗಿದ ತಾಯಿಯ ಕಾಣಿಕೆ ಯಾವ ಆಯವ್ಯಯ ಪತ್ರದಲ್ಲಿಯೂ ಇಲ್ಲ.

ಪ್ರಬಂಧದ ವಿಷಯ ಮನೆಯಲ್ಲಿ ಚರ್ಚೆಗೆ ಬಂದದ್ದು, ಹಂಚು ಹೊದಿಸುವ ಕೆಲಸವನ್ನು ನೋಡಲು ಸೋದರಮಾವ ಬಂದ ದಿನ. ಅವರು ಜಗಲಿಯಲ್ಲಿ ಕುಳಿತು ಅವಳ ಹಾಳೆಗಳನ್ನು ತಿರುವಿ ಹಾಕಿದರು.

“ಕೃತಜ್ಞತೆ ಅಂತ ಬರೆದಿದ್ದೀಯಲ್ಲ, ಎಂತಕ್ಕೆ? ಅವರು ಕನ್ನಡಕ್ಕಾಗಿ ಬಂದವರಾ? ಮತಕ್ಕೆ ಸೇರಿಸಲಿಕ್ಕೆ ಬಂದವರು. ಭಾಷೆ ಕಲಿತದ್ದೂ ಅದಕ್ಕೇ.”

“ಹೌದು ಮಾವ, ಅದಕ್ಕೇ ಬಂದದ್ದು. ಅದನ್ನೂ ಬರೆದಿದ್ದೇನೆ.”

“ಮತ್ತೆ ಋಣ ಯಾವುದರದ್ದು?”

ಅವಳಲ್ಲಿ ಉತ್ತರ ಸಿದ್ಧವಿರಲಿಲ್ಲ. ಮಾವ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಉದ್ದೇಶವನ್ನು ಮುಚ್ಚಿಟ್ಟು ಫಲವನ್ನಷ್ಟೇ ಹೊಗಳುವ ಸ್ಮರಣ ಸಂಚಿಕೆಗಳನ್ನು ಅವಳು ಓದಿದ್ದಳು. ಉದ್ದೇಶವನ್ನಷ್ಟೇ ಹಿಡಿದು ಫಲವನ್ನು ತಳ್ಳಿಹಾಕುವ ಭಾಷಣಗಳನ್ನೂ ಕೇಳಿದ್ದಳು. ಎರಡರಲ್ಲಿಯೂ ಒಂದು ಲೆಕ್ಕ ತಪ್ಪಿತ್ತು. ಏನೆಂದು ಹೇಳಲು ಆಗುತ್ತಿರಲಿಲ್ಲ.

ಹೇಳಿದವಳು ಮಂಗಳೂರಿನಿಂದ ಬರುತ್ತಿದ್ದ ಸಹಪಾಠಿ. ಪ್ರೊಟೆಸ್ಟೆಂಟ್ ಸಭೆಯ ಕುಟುಂಬದವಳು. ಹಂಚಿನ ಮೇಲಿನ ಅಕ್ಷರಗಳ ಫೋಟೋವನ್ನು ತೋರಿಸಿದಾಗ ಅವಳು ಬಹಳ ಹೊತ್ತು ನೋಡಿದಳು.

“ನಮ್ಮ ಮುತ್ತಜ್ಜ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಇದ್ದವರು,” ಎಂದಳು. “ಮತಕ್ಕೆ ಸೇರಿದ ಮೇಲೆ ಅವರ ಮನೆಯವರು ಒಳಗೆ ಸೇರಿಸಲಿಲ್ಲವಂತೆ. ಜಾಗ ಹೋಯಿತು, ಕಸುಬೂ ಹೋಯಿತು. ಮತ್ತೆ ಮಣ್ಣು ತುಳಿದು ಮನೆ ಕಟ್ಟಿದರು. ನಮ್ಮ ಬಗ್ಗೆ ಬರೆಯುವವರು ಮಿಷನ್ನಿನವರು ಉದ್ಧಾರ ಮಾಡಿದರು ಅಂತ ಬರೀತಾರೆ, ಇಲ್ಲದಿದ್ದರೆ ಮಿಷನ್ನಿನವರು ಕೆಡಿಸಿದರು ಅಂತ ಬರೀತಾರೆ. ನಮ್ಮ ಮುತ್ತಜ್ಜ ಏನು ಮಾಡಿದರು ಅಂತ ಯಾರೂ ಬರೀಲಿಲ್ಲ ಮಾರಾಯ್ತಿ.”

ತಪ್ಪಿದ ಲೆಕ್ಕ ಅದಾಗಿತ್ತು. ಹಂಚಿನ ಉದ್ಯಮದ ವಿಷಯ ಅವಳ ಟಿಪ್ಪಣಿಯಲ್ಲಿ ಇತ್ತು. ಕ್ರೈಸ್ತರಾಗಿ ಜಾತಿಯ ಆಸರೆಯನ್ನೂ ಕಸುಬನ್ನೂ ಕಳೆದುಕೊಂಡವರಿಗೆ ಕೆಲಸ ಬೇಕಾಗಿತ್ತು; ಮಿಷನ್ನಿನವರು ನೇಯ್ಗೆ ಆರಂಭಿಸಿದರು, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅವರ ನೇತೃತ್ವದಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಬಾಸೆಲ್ಲಿನ ಬಂಡವಾಳಗಾರರು 1859ರಲ್ಲಿ ಕಟ್ಟಿದ ವ್ಯಾಪಾರ ಸಂಸ್ಥೆ ಪಾಲುದಾರರಿಗೆ ಮಿತವಾದ ಲಾಭಾಂಶ ಕೊಟ್ಟು, ಉಳಿದದ್ದನ್ನು ಮಿಷನ್ ಕೆಲಸಕ್ಕೆ ಸಲ್ಲಿಸುತ್ತಿತ್ತು. ಹಾಗಾದರೆ ನೇತ್ರಾವತಿಯ ಆವೆಮಣ್ಣನ್ನು ತುಳಿದು ಹದಮಾಡಿ, ಅಚ್ಚಿಗೆ ಹಾಕಿ, ಗೂಡಿನಲ್ಲಿ ಸುಟ್ಟು ತೆಗೆದ ಕಾರ್ಮಿಕನೂ ಮಿಷನ್ನಿನ ಬೆಂಬಲಿಗನೇ. ಅರ್ಧ ಬಾಟ್ಸೆನ್ ಕೊಟ್ಟವಳಿಗೆ ಪತ್ರಿಕೆಯಲ್ಲಿ ಧನ್ಯವಾದ ಸಂದಿತು. ಇವನು ನೆರವು ಪಡೆದವರ ಸಾಲಿನಲ್ಲಿಯೇ ಉಳಿದ. ನಿಘಂಟಿಗೆ ಶಬ್ದ ಹೇಳಿಕೊಟ್ಟ ರೈತ, ಹಸ್ತಪ್ರತಿ ಎರವಲು ಕೊಟ್ಟ ಮನೆ, ಪಾಠ ತಿದ್ದಿದ ಪಂಡಿತ, ಇವರೂ ಅದೇ ಸಾಲಿನಲ್ಲಿ ನಿಂತವರು.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ಜರ್ಮನ್ ಮಿಷನರಿಗಳನ್ನು ಸರ್ಕಾರ ಬಂಧನದಲ್ಲಿರಿಸಿ ಬಳಿಕ ದೇಶದಿಂದ ಹೊರಗೆ ಕಳುಹಿಸಿತು. ಕಾರ್ಖಾನೆಗಳು ಬ್ರಿಟಿಷರ ಆಡಳಿತದ ಟ್ರಸ್ಟೊಂದರ ಕೈಸೇರಿದವು. ದೂರದ ಬೆಂಬಲ ಒಂದೇ ಏಟಿಗೆ ತುಂಡಾಯಿತು. ಆದರೂ ಇಲ್ಲಿಯ ಸಭೆಗಳೂ ಶಾಲೆಗಳೂ ಅಂದಿಗೇ ಮುಗಿದುಹೋಗಲಿಲ್ಲ. ಇಲ್ಲಿಯವರು ಅವನ್ನು ಹೊತ್ತು ನಡೆಸಿದರು. ಕತ್ತು ಬಾಗಿಸುವುದನ್ನಷ್ಟೇ ಬಲ್ಲ ಬೊಂಬೆಗಳು ಆ ಕೆಲಸ ಮಾಡಲಾರವು.

ಗೋಷ್ಠಿಯ ದಿನ ಅವಳು ಪ್ರಬಂಧದ ಕೊನೆಯ ಪುಟದಲ್ಲಿ ‘ಕೃತಜ್ಞತೆ’ ಎಂಬ ಶಬ್ದವನ್ನು ಹೊಡೆದುಹಾಕಿ ‘ಲೆಕ್ಕ’ ಎಂದು ಬರೆದಿದ್ದಳು. ದೂರದವರ ನೆರವನ್ನು ನೆನೆಯುವುದೆಂದರೆ ಅವರು ಏಕೆ ಕೊಟ್ಟರು, ಕೊಟ್ಟದ್ದರಿಂದ ಏನಾಯಿತು, ಅದರಲ್ಲಿ ಇಲ್ಲಿಯವರ ದುಡಿಮೆಯ ಪಾಲೆಷ್ಟು ಎಂಬ ಮೂರನ್ನೂ ಬಿಡದೆ ಬರೆಯುವುದು ಎಂದು ಓದಿದಳು. ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿ, ಹಾಗಾದರೆ ಮತಪ್ರಚಾರ ಸರಿಯೋ ತಪ್ಪೋ ಎಂದು ನೇರವಾಗಿ ಕೇಳಿದ. ಮತಾಂತರವನ್ನು ತನ್ನ ಬದುಕಿನ ನಿರ್ಧಾರವಾಗಿ ಮಾಡಿಕೊಂಡವರ ಪರವಾಗಿ ತಾನು ಉತ್ತರ ಹೇಳಲಾರೆ, ಆದರೆ ಒಂದು ಜನವನ್ನು ಗತಿಯಿಲ್ಲದವರೆಂದು ಚಿತ್ರಿಸಿ ಹಣ ಕೂಡಿಸಿದ್ದು ತಪ್ಪು ಎಂದು ಅವಳು ಹೇಳಿದಳು. ಹೇಳಿದ ಕೂಡಲೇ ಮೇಜಿನ ಖಾನೆಯಲ್ಲಿದ್ದ ಕರಡು ನೆನಪಾಗಿ ಮುಖ ಬಿಸಿಯಾಯಿತು.

ಅಂದು ರಾತ್ರಿ ವಿನಂತಿಪತ್ರವನ್ನು ಅವಳು ಹೊಸದಾಗಿ ಬರೆದಳು. ಶಾಲೆಯಲ್ಲಿ ಈಗ ಎಷ್ಟು ಮಕ್ಕಳಿದ್ದಾರೆ, ಅವರು ಮನೆಯಲ್ಲಿ ಯಾವ ಯಾವ ಭಾಷೆ ಆಡುತ್ತಾರೆ, ಕಳೆದ ಕಲೋತ್ಸವದಲ್ಲಿ ಯಾರು ಏನು ಹಾಡಿದರು, ಮಾಡಿಗೆ ಎಷ್ಟು ಹಂಚು, ಎಷ್ಟು ಪಕ್ಕಾಸು, ಎಷ್ಟು ರೀಪು ಬೇಕು, ಊರಿನವರು ಈಗಾಗಲೇ ಎಷ್ಟು ಕೂಡಿಸಿದ್ದಾರೆ, ಬಡಗಿಯ ಕೆಲಸವನ್ನು ಯಾರು ಕೂಲಿ ಇಲ್ಲದೆ ಮಾಡಲು ಒಪ್ಪಿದ್ದಾರೆ. ಕೆಲಸ ಮುಗಿದ ಮೇಲೆ ಜಮಾಖರ್ಚಿನ ಪ್ರತಿಯನ್ನು ಎಲ್ಲರಿಗೂ ಕಳುಹಿಸುವುದಾಗಿ ಕೊನೆಯಲ್ಲಿ ಸೇರಿಸಿದಳು.

ಮಾಷ್ಟ್ರು ಎರಡು ಸಲ ಓದಿದರು. ಅವರ ಮುಖ ಅರಳಲಿಲ್ಲ.

“ಚೆಂದ ಉಂಟು. ಆದರೆ ಇದರಲ್ಲಿ ಅಳು ಬರುವಂಥದ್ದು ಎಂತದೂ ಇಲ್ಲವಲ್ಲ ಮಗಾ. ಹಣ ಕಮ್ಮಿ ಬಂದರೆ?”

“ಕಮ್ಮಿ ಬರಬಹುದು ಸರ್.”

ಅವರು ಕನ್ನಡಕವನ್ನು ತೆಗೆದು ಒರೆಸಿ, ಕೊನೆಗೆ ಸಹಿ ಹಾಕಿದರು.

ಕಮ್ಮಿಯೇ ಬಂತು. ಇಡೀ ಮಾಡಿಗೆ ಸಾಲಲಿಲ್ಲ; ಎರಡು ತರಗತಿಗಳ ಮೇಲಷ್ಟೇ ಹೊಸ ರೀಪು ಬಿತ್ತು. ಉಳಿದ ಕಡೆ ಆ ಮಳೆಗಾಲ ಪ್ಲಾಸ್ಟಿಕ್ ಹಾಳೆಯ ಕೆಳಗೆ ಕಳೆಯಿತು. ಆದರೆ ಹಣದೊಡನೆ ಕೆಲವು ಕಾಗದಗಳೂ ಬಂದವು. ಒಂದು, ಶಾರ್ಜಾದ ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿಯದು. ಕಳುಹಿಸಿದ ಹಣ ಸಣ್ಣದು. ಮಕ್ಕಳ ಮೇಲೆ ಕನಿಕರದ ಮಾತು ಒಂದೂ ಇರಲಿಲ್ಲ. ಬಾವಿಕಟ್ಟೆಯ ಹತ್ತಿರ ಒಂದು ನೆಲ್ಲಿಮರ ಇತ್ತು, ಈಗಲೂ ಉಂಟಾ ಎಂದು ಕೇಳಿದ್ದ.

ಅವಳು ಶಾಲೆಗೆ ಹೋಗಿ ನೋಡಿ ಬಂದಳು. ಜಮಾಖರ್ಚಿನ ಪ್ರತಿಯ ಹಿಂಬದಿಯಲ್ಲಿ, ಮರ ಇದೆ, ಈ ವರ್ಷ ಕಾಯಿ ಕಡಿಮೆ, ಎಂದು ಬರೆದು ಅಂಚೆಗೆ ಹಾಕಿದಳು.